ನಿಮಿಷಕ್ಕೆ ತೊಂಬತ್ನಾಲ್ಕು ಸುತ್ತು

ರಾಜಾಜಿನಗರ, ನಾಲ್ಕನೇ ಬ್ಲಾಕ್
14 ಅಕ್ಟೋಬರ್ 2024

ತುಂಗಾಳಿಗೆ ಪುರುಷೋತ್ತಮನ ಆಶೀರ್ವಾದಗಳು.

ಕೈಬರಹ ನೋಡಿಯೇ ಕಾಗದ ಹರಿದುಹಾಕಬೇಡ. ಇಪ್ಪತ್ತೊಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದೀಯ, ಇನ್ನು ಎರಡು ನಿಮಿಷ ತಡೆದುಕೊಂಡರೆ ನಿನ್ನ ಹಟಕ್ಕೇನೂ ಭಂಗವಿಲ್ಲ.

ಕಳೆದ ವಾರ ವಿಜಯನಗರ ಮೆಟ್ರೊ ಸ್ಟೇಷನ್ನಿನ ಕೆಳಗೆ ನಿನ್ನ ಯಜಮಾನರು ಸಿಕ್ಕಿದ್ದರು. ಕೈಯಲ್ಲಿ ಎರಡು ಕಟ್ಟು ದಂಟಿನ ಸೊಪ್ಪು. "ತುಂಗಾ ಹೇಗಿದಾಳೆ ಮಧ್ವೇಶ್?" ಎಂದು ರೂಢಿಯಂತೆ ಕೇಳಿದೆ. ಅವರು ಸೊಪ್ಪನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ, "ಆಗಸ್ಟ್‌ನಲ್ಲಿ ಥೈರಾಯ್ಡ್ ಗಂಟು ತೆಗೆದ್ರು ಸಾರ್. ಗಂಟು ಕೆಟ್ಟದ್ದಲ್ಲ ಅಂದ್ರು, ಸದ್ಯ. ಆದ್ರೆ ದೊಡ್ಡದಿತ್ತು, ಪಕ್ಕದ ನರ ನಲುಗಿದೆಯಂತೆ. ದನಿ ಹೋಗ್ಬಿಡ್ತು. ಸಂಗೀತದ ಕ್ಲಾಸು ನಿಲ್ಸಿಬಿಟ್ಟಿದಾಳೆ. ತಂಬೂರಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿ ಅಂತಾಳೆ. ನಾನು ಇನ್ನೂ ಹಾಕಿಲ್ಲ" ಎಂದರು.

ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ನಿನ್ನ ಅಣ್ಣ ಸುಧೀಂದ್ರ ಇದ್ದಿದ್ದರೆ ನನ್ನನ್ನು ಕತ್ತು ಹಿಡಿದು ನಿಮ್ಮ ಮನೆಗೆ ಎಳೆದುಕೊಂಡು ಬರುತ್ತಿದ್ದ. ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಅಕ್ಕಪಕ್ಕದ ಲೇತ್ ಮುಂದೆ ನಿಂತ ನಾವಿಬ್ಬರು ಜಗಳ ಎಷ್ಟು ಆಡಿದೆವೋ ಲೆಕ್ಕವಿಲ್ಲ, ಆದರೆ ಒಂದೂ ಮಾರನೆಯ ದಿನದ ಕಾಫಿಯ ತನಕ ಉಳಿದಿರಲಿಲ್ಲ. ನಿನ್ನ ಜೊತೆ ಆಡಿದ್ದು ಒಂದೇ ಜಗಳ, ಅದೇ ಉಳಿದುಹೋಯಿತು.

ಆ ಮಾತನ್ನು ನಾನೇ ಎತ್ತುತ್ತೇನೆ. 2003ರ ರಾಮನವಮಿ. ನಮ್ಮ ಬ್ಲಾಕಿನ ಪೆಂಡಾಲಿನಲ್ಲಿ ನೀನು ಎರಡು ಗಂಟೆ ಹಾಡಿ ಕೆಳಗಿಳಿದೆ. ಎಲ್ಲರೂ ಹೊಗಳುತ್ತಿದ್ದರು. ನಾನು ಪಾನಕದ ಲೋಟ ಹಿಡಿದುಕೊಂಡು ಎಲ್ಲರ ಎದುರಿಗೆ, "ಒಂದೂ ತಪ್ಪಿಲ್ಲ ತುಂಗಾ. ಅದೇ ತೊಂದರೆ" ಎಂದೆ. ಏನೋ ದೊಡ್ಡ ಮಾತಾಡಿದೆ ಅಂದುಕೊಂಡಿದ್ದೆ. ನಿನ್ನ ಮುಖ ನೋಡಿದ ಮೇಲೆ ಲೋಟವನ್ನು ಹಾಗೇ ಕೆಳಗಿಟ್ಟು ಮನೆಗೆ ನಡೆದೆ. ಕ್ಷಮೆ ಕೇಳಲು ಇಷ್ಟು ವರ್ಷ ಬೇಕಾಯಿತು. ತಪ್ಪಾಯಿತು.

ಫೋನ್ ಮಾಡಬಹುದಿತ್ತು. ನನಗೆ ಕಿವಿಯ ಮೆಷಿನ್ ಹಾಕಿಕೊಂಡರೂ ಫೋನಿನ ಮಾತು ಸರಿಯಾಗಿ ಕೇಳಿಸುವುದಿಲ್ಲ, ನಿನಗೆ ಹೆಚ್ಚು ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಅಂಚೆಯೇ ನಮಗೆ ಗತಿ.

ಇತಿ,
ಪುರುಷೋತ್ತಮ


ವಿಜಯನಗರ
2 ನವೆಂಬರ್ 2024

ಶ್ರೀ ಪುರುಷೋತ್ತಮ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಹರಿದುಹಾಕಿದೆ. ನಮ್ಮ ಯಜಮಾನರು ಚೂರುಗಳನ್ನು ಆರಿಸಿ ಟೇಪು ಹಚ್ಚಿ ಜೋಡಿಸಿ ಮತ್ತೆ ಮೇಜಿನ ಮೇಲಿಟ್ಟರು. ಬ್ಯಾಂಕಿನ ಕೌಂಟರಿನಲ್ಲಿ ಹರಿದ ನೋಟು ಜೋಡಿಸಿದವರ ಕೈ, ಒಂದು ಅಕ್ಷರವೂ ಕೆಟ್ಟಿಲ್ಲ.

ಕ್ಷಮೆ ಕೇಳಿದ್ದೀರಿ, ಸಂತೋಷ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ನೀವು ಕೋಪದಲ್ಲಿ ಕೊಯ್ಯಲಿಲ್ಲ, ನಗುನಗುತ್ತ ಕೊಯ್ದಿರಿ. ಅದನ್ನು ಮರೆಯುವುದು ಇನ್ನೂ ಕಷ್ಟ.

ದನಿ ಹೇಗಿದೆ ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊನ್ನೆ ಅಂಗಡಿಗೆ ಫೋನ್ ಮಾಡಿ ಎಣ್ಣೆ ತರಿಸಿದೆ. ಅಂಗಡಿಯವನು "ಆಯ್ತು ಸಾರ್" ಎಂದ. ಹಾರ್ಮೋನಿಯಂನ ಐದೂವರೆ ಮನೆಯ ಎತ್ತರದ ಶ್ರುತಿಯಲ್ಲಿ ಮೂವತ್ತೈದು ವರ್ಷ ಹಾಡಿದವಳು, ಹಾಡಿಸಿದವಳು ನಾನು. ಈಗ ನಾಲ್ಕನೆಯ ಮನೆಗೆ ಷಡ್ಜ ಹಿಡಿದರೆ ಅಷ್ಟೋ ಇಷ್ಟೋ ನಿಲ್ಲುತ್ತದೆ. ಮೇಲೆ ಹೋದರೆ ಗಾಳಿ ಬರುತ್ತದೆ, ಸ್ವರ ಬರುವುದಿಲ್ಲ. ಮಧ್ಯೆ ಮಧ್ಯೆ ಒಡೆಯುತ್ತದೆ. ಹೀಗೇ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಇದನ್ನಿಟ್ಟುಕೊಂಡು ನಾನು ಯಾರ ಮುಂದೆಯೂ ಬಾಯಿ ತೆರೆಯುವುದಿಲ್ಲ, ಅದು ತೀರ್ಮಾನವಾಗಿದೆ.

ತಪ್ಪಿಲ್ಲದ್ದೇ ತೊಂದರೆ ಎಂದಿದ್ದಿರಿ. ಈಗ ಬರೀ ತಪ್ಪೇ ಇದೆ. ನಿಮ್ಮ ಆಸೆ ಈಡೇರಿತು.

ತುಂಗಾ ಮಧ್ವೇಶ್


ರಾಜಾಜಿನಗರ
9 ನವೆಂಬರ್ 2024

ತುಂಗಾ,

ಬೈದಿದ್ದೀಯ, ಅಂದರೆ ಓದಿದ್ದೀಯ. ಮಧ್ವೇಶ್ ಅವರ ಟೇಪಿಗೆ ನನ್ನ ನಮಸ್ಕಾರ ತಿಳಿಸು.

ಇದರ ಜೊತೆ ಒಂದು ಪೆನ್‌ಡ್ರೈವ್ ಇದೆ. ಅದರಲ್ಲಿರುವುದು ಓರಾ ಟಿಬ್ಸ್ ಎಂಬಾಕೆಯ ಹಾಡು. ನಿನಗೆ ನೆನಪಿರಬೇಕು. ನಿಮ್ಮ ಮನೆಯ ಹಾಲಿನಲ್ಲಿ ನಾನೂ ಸುಧೀಂದ್ರನೂ ಭಾನುವಾರ ಹಾಕಿಕೊಂಡು ಕೂರುತ್ತಿದ್ದಾಗ ನೀನು ಒಳಗಿನಿಂದ, "ಯಾರಮ್ಮಾ ಅದು, ಶ್ರುತಿ ಬಿಟ್ಟು ಅಳ್ತಾ ಇರೋದು?" ಎಂದು ಕೂಗುತ್ತಿದ್ದೆ. ಅವಳೇ. ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಪರದೇಶದ ಎಂಜಿನಿಯರ್ ಹೋಗುವಾಗ ಕೊಟ್ಟ ಎಲ್‌ಪಿಯಿಂದ ನಮಗೆ ಅವಳ ಹುಚ್ಚು ಹಿಡಿಯಿತು. ಅಮೆರಿಕದ ಹತ್ತಿ ಹೊಲಗಳ ಕಪ್ಪು ಜನ ಕಟ್ಟಿದ ಹಾಡು, ಬ್ಲೂಸ್ ಅನ್ನುತ್ತಾರೆ. ಒಂದೇ ಸಾಲನ್ನು ಎರಡು ಸಲ ಹೇಳಿ ಮೂರನೆಯದಕ್ಕೆ ಉತ್ತರ ಕೊಡುವುದು ಅದರ ರೀತಿ. ಮೊದಲ ಸಲ ಹೇಳಿದ್ದು ನಮಗೆ, ಎರಡನೆಯದು ಅವಳಿಗೇ ಎಂದು ಸುಧೀಂದ್ರ ಅನ್ನುತ್ತಿದ್ದ.

ಜಗತ್ತು ಅವಳನ್ನು ನೆನೆಯುವುದಾದರೆ ಚಿಕ್ಕ ವಯಸ್ಸಿನಲ್ಲಿ ಹಾಡಿದ ನಾಲ್ಕೈದು ಹಾಡಿಗೆ. ಆಮೇಲೆ ಕಂಪನಿಯವರು ಕೈಬಿಟ್ಟರು. ಹದಿನೈದು ವರ್ಷ ಯಾವುದೋ ಹೋಟೆಲಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿದಳು. ಕೊನೆಗೊಮ್ಮೆ ಯಾರೋ ಸಣ್ಣ ಕಂಪನಿಯವರು ಕರೆದು ಎರಡು ದಿನದಲ್ಲಿ ಏಳು ಗ್ರಾಮಫೋನ್ ಪ್ಲೇಟು ಮಾಡಿಸಿದರು, ಎರಡೂ ಬದಿ ಸೇರಿ ಹದಿನಾಲ್ಕು ಹಾಡು. ಅವನ್ನು ಯಾರೂ ಕೊಳ್ಳಲಿಲ್ಲ, ಮತ್ತೆ ಅಚ್ಚು ಹಾಕಲಿಲ್ಲ. ಆ ಏಳೂ ನಮಗೆ ದಂಡು ಪ್ರದೇಶದ ಒಂದು ಹಳೆಯ ಬಂಗಲೆ ಖಾಲಿ ಮಾಡುವಾಗ ಸಿಕ್ಕವು. 1983ರಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು.

ಅವು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನ ಪ್ಲೇಟು. ನನ್ನ ಪ್ಲೇಯರಿನಲ್ಲಿ ಇದ್ದದ್ದು ಮೂವತ್ತಮೂರು, ನಲವತ್ತೈದು ಮಾತ್ರ. ತಟ್ಟೆ ತಿರುಗಿಸುವ ಮೋಟಾರಿನ ಪುಲ್ಲಿಗೆ, ಅಂದರೆ ಪುಟ್ಟ ರಾಟೆಗೆ, ಆ ವೇಗಕ್ಕೆ ಇನ್ನೊಂದು ಮೆಟ್ಟಿಲು ಬೇಕು. ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ನಾನೇ ಹಿತ್ತಾಳೆಯಲ್ಲಿ ಕಡೆದು ಕೂರಿಸಿದೆ. ಅದು ಇವತ್ತಿಗೂ ಓಡುತ್ತಿದೆ.

ಈಗ ಮುಖ್ಯ ವಿಷಯ. ಈ ಕೊನೆಯ ಹಾಡುಗಳಲ್ಲಿ ಒಂದು ಅದ್ಭುತವಿದೆ. ಎಲ್ಲರಿಗೂ ವಯಸ್ಸಾದರೆ ದನಿ ಇಳಿಯುತ್ತದೆ, ಇವಳದು ಏರಿತು. ಅಷ್ಟು ಕಷ್ಟ ಪಟ್ಟವಳು ಕೊನೆಗೆ ಹುಡುಗಿಯಂತೆ ಹಾಡಿದ್ದಾಳೆ. ಹೋಲಿಸಿ ನೋಡಲೆಂದು ಎಲ್‌ಪಿಯ ಎರಡು ಹಳೆಯ ಹಾಡನ್ನೂ ಹಾಕಿದ್ದೇನೆ. ಕೊನೆಯ ಹದಿನಾಲ್ಕರಲ್ಲಿ ಇಸ್ತ್ರಿ ಕೆಲಸದ ಮೇಲೊಂದು ಹಾಡಿದೆ, ಅದರಲ್ಲಿ "ಕೆಂಡ" ಎಂಬ ಮಾತಿನ ಮೇಲೆ ಅವಳು ಹಾಕುವ ಒಂದು ಪುಟ್ಟ ಕೊಂಕನ್ನು ಗಮನಿಸು. ಅಂಥದ್ದನ್ನು ಹಾಕಲು ಎದೆಯಿರಬೇಕು. ಅಕ್ಷರ ತಿಳಿಯದಿದ್ದರೆ ಕಷ್ಟವೆಂದು ಹದಿನಾಲ್ಕು ಹಾಡಿನ ಮಾತನ್ನೂ ಅರ್ಥ ಸಹಿತ ಬರೆದು ಇಟ್ಟಿದ್ದೇನೆ.

ಕಳೆದುಹೋದ ದನಿ ಹದಿನೈದು ವರ್ಷದ ಮೇಲೂ ತಿರುಗಿ ಬರಬಹುದು ಅನ್ನುವುದಕ್ಕೆ ಇವಳೇ ಸಾಕ್ಷಿ. ಅದಕ್ಕೇ ಕಳಿಸಿದ್ದು.

ಪುರುಷೋತ್ತಮ


ವಿಜಯನಗರ
1 ಡಿಸೆಂಬರ್ 2024

ಶ್ರೀ ಪುರುಷೋತ್ತಮ ಅವರಿಗೆ,

ಒಂದು ಹಾಡು ಕೇಳಿ ನಿಲ್ಲಿಸಿದೆ. ನಿಮ್ಮ ಓರಾ ಟಿಬ್ಸ್‌ಗೆ ದನಿ ಮೇಲೇರಿತು, ಸಂತೋಷ. ನನ್ನದು ಕೆಳಗೆ ಬಿದ್ದಿದೆ. ಕಾಲು ಮುರಿದು ಕೂತವಳಿಗೆ ಯಾರಾದರೂ ನೆಗೆತದ ಸ್ಪರ್ಧೆ ತೋರಿಸುತ್ತಾರೆಯೇ? ಗಾಯದ ಮೇಲೆ ಬರೆ ಎಳೆಯುವುದು ನಿಮಗೆ ಹುಟ್ಟುಗುಣ ಇರಬೇಕು.

ಪೆನ್‌ಡ್ರೈವ್ ಬೇಕಾದರೆ ಹೇಳಿ, ಯಜಮಾನರ ಕೈಯಲ್ಲಿ ಕಳಿಸುತ್ತೇನೆ.

ತುಂಗಾ


ವಿಜಯನಗರ
13 ಡಿಸೆಂಬರ್ 2024

ಶ್ರೀ ಪುರುಷೋತ್ತಮ ಅವರಿಗೆ,

ನೀವು ಉತ್ತರ ಬರೆದಿಲ್ಲ, ಬರೆಯುವ ಹಾಗೆ ನಾನೂ ಇಟ್ಟಿರಲಿಲ್ಲ. ಆದರೆ ಒಂದು ವಿಷಯ ಹೇಳದೆ ಇದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ.

ನಮ್ಮ ಯಜಮಾನರಿಗೆ ಸಂಗೀತ ಗೊತ್ತಿಲ್ಲ. ಮಂಗಳ ಹಾಡಿದಾಗ ಏಳಬೇಕು ಎಂಬುದಷ್ಟೇ ಗೊತ್ತು. ಭಾನುವಾರ ಬೆಳಗ್ಗೆ ಅವರೇಕಾಯಿ ಬಿಡಿಸುತ್ತ ಕೂತಾಗ ನಿಮ್ಮ ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿದರು. ನಾನು ಅಡುಗೆಮನೆಯಲ್ಲಿದ್ದೆ. ನಾಲ್ಕು ಹಾಡು ಮುಗಿಯಿತು. ಅವರು, "ಅಲ್ಲ ಕಣೇ, ಈಕೆ ಯಾಕಿಷ್ಟು ಅವಸರದಲ್ಲಿದಾಳೆ? ಬಸ್ಸು ತಪ್ಪಿ ಹೋಗ್ತಾ ಇದ್ಯಾ?" ಎಂದರು.

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹೌದಲ್ಲ ಎನ್ನಿಸಿತು. ಹೊರಗೆ ಬಂದು ಕೂತು ಹದಿನಾಲ್ಕೂ ಕೇಳಿದೆ. ಮಾರನೆಯ ದಿನ ಮತ್ತೆ ಕೇಳಿದೆ.

ಒಂದು: ಉಸಿರು. ನಾಲ್ಕು ತಿಂಗಳಿಂದ ದನಿಯ ಥೆರಪಿಯ ಹುಡುಗಿ ನನಗೆ ಉಸಿರು ಎಣಿಸುವುದನ್ನೇ ಹೇಳಿಕೊಡುತ್ತಿದ್ದಾಳೆ, ಹಾಗಾಗಿ ಅದೇ ಮೊದಲು ಕಿವಿಗೆ ಬೀಳುತ್ತದೆ. ಸಾಲು ಸಾಲಿನ ನಡುವೆ ಈಕೆ ಎಳೆದುಕೊಳ್ಳುವ ಉಸಿರು ಮೆಟ್ಟಿಲು ಹತ್ತಿ ಓಡಿಬಂದ ಮಗುವಿನದು. ಕೂತು ಹಾಡುವ ದೊಡ್ಡ ಹೆಂಗಸು ಯಾರೂ ಹಾಗೆ ಉಸಿರಾಡುವುದಿಲ್ಲ. ನೀವು ಹೋಲಿಸಲು ಹಾಕಿದ ಆ ಎರಡು ಹಳೆಯ ಹಾಡಿನಲ್ಲಿ ಉಸಿರು ಸರಿಯಾಗಿದೆ.

ಆ ಎರಡು ಹಾಡೂ ಮೂರು ನಿಮಿಷ ದಾಟುತ್ತವೆ. ಈ ಹದಿನಾಲ್ಕರಲ್ಲಿ ಒಂದೂ ಎರಡೂವರೆ ನಿಮಿಷ ದಾಟುವುದಿಲ್ಲ. ಅವಳಿಗೆ ಕೊನೆಗಾಲದಲ್ಲಿ ಹೇಳಲು ಕಡಿಮೆ ಇತ್ತೇ?

ಕೊನೆಯದು ಪಿಯಾನೊ. ಶ್ರುತಿಪೆಟ್ಟಿಗೆ ತೆಗೆದು ಹಿಡಿದು ನೋಡಿದೆ. ನನ್ನ ದನಿ ಪರೀಕ್ಷಿಸಿ ನೋಡಿದ ಮೇಲೆ ಅದನ್ನು ಮುಟ್ಟಿರಲಿಲ್ಲ. ಇಸ್ತ್ರಿಯ ಹಾಡು ಐದೂವರೆ ಮನೆಗಿಂತ ಒಂದು ಕೂದಲೆಳೆ ಮೇಲಿದೆ. ಬೇರೆ ಹಾಡು ಬೇರೆ ಮನೆಯಲ್ಲಿದೆ, ಆದರೆ ಎಲ್ಲದರಲ್ಲೂ ಅದೇ ಕೂದಲೆಳೆ. ಎರಡು ದಿನ ಹಾಡಿಸಿದವರು ಪಿಯಾನೊ ಶ್ರುತಿ ಮಾಡಿಸಿರುವುದಿಲ್ಲವೇ?

ನಿಮ್ಮ ಓರಾ ಟಿಬ್ಸ್ ಹುಡುಗಿಯಾಗಲಿಲ್ಲ. ನಿಮ್ಮ ತಟ್ಟೆ ಬೇಗ ತಿರುಗುತ್ತಿದೆ.

ತುಂಗಾ


ರಾಜಾಜಿನಗರ
18 ಡಿಸೆಂಬರ್ 2024

ತುಂಗಾ,

ನಾಲ್ಕು ದಶಕದಿಂದ ಆ ಪ್ಲೇಟುಗಳನ್ನು ಕೇಳುತ್ತಿದ್ದೇನೆ. ಸುಧೀಂದ್ರನೂ ಕೇಳಿದ್ದ. ಪುಲ್ಲಿಯನ್ನು ಅಂಗುಲದ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಕಡೆದಿದ್ದೇನೆ. ಟೂಲ್ ರೂಮಿನಲ್ಲಿ ನನ್ನ ಅಳತೆಯನ್ನು ಇನ್ನೊಬ್ಬರು ಪರೀಕ್ಷಿಸುವ ಪದ್ಧತಿಯೇ ಇರಲಿಲ್ಲ.

ತಪ್ಪು ಹುಡುಕುವ ಕಿವಿಗೆ ಎಲ್ಲೆಲ್ಲೂ ತಪ್ಪೇ ಕೇಳಿಸುತ್ತದೆ. ಹೆಚ್ಚು ಹೇಳುವುದಿಲ್ಲ.

ಪುರುಷೋತ್ತಮ


ರಾಜಾಜಿನಗರ
30 ಡಿಸೆಂಬರ್ 2024

ತುಂಗಾ,

ಹಿಂದಿನ ಕಾಗದವನ್ನು ನೀನು ಹರಿದುಹಾಕಿದ್ದರೆ ಮಧ್ವೇಶ್ ಅವರಿಗೆ ಟೇಪು ಹಚ್ಚಬೇಡಿ ಎಂದು ಹೇಳು.

ಅದನ್ನು ಅಂಚೆಗೆ ಹಾಕಿ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಕೂಡ ಯಾರೂ ಇಲ್ಲದಾಗ ಒಮ್ಮೆ ಎಣಿಸಿ ನೋಡುತ್ತಾನೆ. ಒಂದು ಪ್ಲೇಟಿನ ಅಂಚಿಗೆ ಕಾಗದದ ಚೂರು ಅಂಟಿಸಿದೆ. ಪ್ರತಿ ಸುತ್ತಿಗೂ ಅದು ಬೆರಳಿಗೆ ತಾಗುವಂತೆ ಕೈ ಹಿಡಿದುಕೊಂಡು, ಗಡಿಯಾರ ಮುಂದಿಟ್ಟುಕೊಂಡು ಒಂದು ನಿಮಿಷ ಎಣಿಸಿದೆ. ಎಪ್ಪತ್ತೆಂಟಕ್ಕೆ ನಿಮಿಷ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎಂಬತ್ತಾಯಿತು, ತೊಂಬತ್ತಾಯಿತು. ತೊಂಬತ್ನಾಲ್ಕು ಸುತ್ತು. ಮೂರು ಸಲ ಎಣಿಸಿದೆ, ಮೂರು ಸಲವೂ ತೊಂಬತ್ನಾಲ್ಕು.

ಅಟ್ಟದ ಟ್ರಂಕಿನಿಂದ ಆಗಿನ ನಕ್ಷೆ ತೆಗೆದೆ. ಒಂದು ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದು. ಅಮೆರಿಕದ ಕರೆಂಟು ಒಂದು ತರಹ, ನಮ್ಮದು ಇನ್ನೊಂದು ತರಹ. ಅಲ್ಲಿನ ಅಳತೆಯ ಪುಲ್ಲಿ ಇಲ್ಲಿ ಹಾಕಿದರೆ ಮೋಟಾರು ನಿಧಾನ ತಿರುಗುತ್ತದೆ, ಅದಕ್ಕೆ ಪುಲ್ಲಿಯನ್ನು ಐದಕ್ಕೆ ಆರರ ಲೆಕ್ಕದಲ್ಲಿ ದಪ್ಪ ಮಾಡಬೇಕು. ನಾನು ಬುದ್ಧಿವಂತ, ಮಾಡಿದೆ. ಆದರೆ ನಕ್ಷೆಯ ಮೂಲೆಯಲ್ಲಿ, ಈ ಅಳತೆಯನ್ನು ಆಗಲೇ ನಮ್ಮಂಥ ಕರೆಂಟಿಗೆ ಹೊಂದಿಸಿದೆ ಎಂದು ಇರುವೆಯಷ್ಟು ಅಕ್ಷರದಲ್ಲಿ ಅಚ್ಚಾಗಿದೆ. ಹೊಂದಿಸಿದ್ದನ್ನು ನಾನು ಇನ್ನೊಮ್ಮೆ ಹೊಂದಿಸಿದ್ದೇನೆ.

ಇನ್ನೂ ಒಂದು ಹೇಳಿಬಿಡುತ್ತೇನೆ. ಅವತ್ತು ಸುಧೀಂದ್ರ ಹೆಗಲ ಮೇಲಿಂದ ಬಗ್ಗಿ ನೋಡಿ, "ಲೋ ಪುರುಷ, ಮೂಲೇಲಿ ಏನೋ ಬರೆದಿದಾರೆ ನೋಡೋ" ಅಂದಿದ್ದ. ನಾನು, "ನಿನ್ನ ಲೇತ್ ನೋಡ್ಕೊಳಯ್ಯ ನೀನು" ಅಂದಿದ್ದೆ. ಅವನು ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. 2012ರಲ್ಲಿ ಹೋಗಿಬಿಟ್ಟ. ಓರಾ ಟಿಬ್ಸ್‌ಳ ನಿಜವಾದ ದನಿ ಕೇಳದೆಯೇ ಹೋದ, ನನ್ನ ಹಮ್ಮಿನಿಂದ.

ನಿನ್ನೆ ಬಸ್ಸು ಹಿಡಿದು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಜಂಬಣ್ಣ ಅಲ್ಲೊಂದು ಲೇತ್ ಇಟ್ಟುಕೊಂಡಿದ್ದಾನೆ. ನನ್ನ ಕೈ ಈಗ ನಡುಗುತ್ತದೆ, ಅವನೇ ಕಡೆದುಕೊಟ್ಟ. ಹಳೆಯ ಪುಲ್ಲಿ ಕೈಯಲ್ಲಿ ಹಿಡಿದು, "ಸಾರ್, ಫಿನಿಶಿಂಗ್ ನೋಡಿ, ಕನ್ನಡಿ ಥರ ಇದೆ. ಒಂದ್ ಗೀರಿಲ್ಲ" ಎಂದ. ಹೌದು ಜಂಬಣ್ಣ, ಒಂದೂ ತಪ್ಪಿಲ್ಲ ಅಂದೆ. ಅಂದ ಮೇಲೆ ನನಗೇ ಕೇಳಿಸಿತು ನಾನು ಏನಂದೆ ಎಂದು.

ಹೊಸ ಪುಲ್ಲಿಯಲ್ಲಿ ಹದಿನಾಲ್ಕು ಹಾಡನ್ನೂ ಮತ್ತೆ ಪೆನ್‌ಡ್ರೈವಿಗೆ ತೆಗೆದು ಕಳಿಸುತ್ತಿದ್ದೇನೆ. ನಾನಿನ್ನೂ ಕೇಳಿಲ್ಲ. ಕಿವಿಯ ಮೆಷಿನ್ ತೆಗೆದಿಟ್ಟು, ಸೂಜಿ ಎತ್ತಿಡುವ ಕೆಲಸ ಮಾತ್ರ ಮಾಡಿದೆ. ಮೊದಲು ನೀನು ಕೇಳಬೇಕು. ಅದು ನಿನ್ನ ಕಿವಿ ಹುಡುಕಿಕೊಟ್ಟ ದನಿ.

ಪುರುಷೋತ್ತಮ


ವಿಜಯನಗರ
19 ಜನವರಿ 2025

ಪುರುಷೋತ್ತಮಣ್ಣನಿಗೆ ನಮಸ್ಕಾರಗಳು.

ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಯಜಮಾನರ ಕೈಯಲ್ಲಿ ಕಳಿಸಿದ್ದೆ, ತಲುಪಿರಬೇಕು. ಒಳ್ಳೆಯ ಮಾತಾಡಿ ಎಂದು ಬೇರೆಯಾಗಿ ಹೇಳುವುದಿಲ್ಲ, ನಿಮಗೆ ಅದು ಕಷ್ಟ.

ಕೇಳಿದೆ. ಹೇಗೆ ಬರೆಯಲಿ?

ಇಸ್ತ್ರಿಯ ಹಾಡು ಈಗ ಸರಿಯಾಗಿ ಮೂರು ನಿಮಿಷವಿದೆ. ಪಿಯಾನೊ ನಾಲ್ಕನೆಯ ಮನೆಗೆ ಬಂದು ಕೂತಿದೆ, ಆ ಕೂದಲೆಳೆ ಹೋಗಿದೆ. ಹಾಡುತ್ತಿರುವವಳು ಹುಡುಗಿಯಲ್ಲ. ಕಾಲು ನೋಯುತ್ತಿರುವ, ಬೆನ್ನು ಬಗ್ಗಿರುವ ಹೆಂಗಸು. ಕೆಂಡ ಆರಿಹೋಯಿತು, ಬಟ್ಟೆ ಇನ್ನೂ ರಾಶಿ ಇದೆ ಎಂದು ಎರಡು ಸಲ ಹೇಳುತ್ತಾಳಲ್ಲ, ಎರಡನೆಯ ಸಲ ನಿಜಕ್ಕೂ ತನಗೇ ಹೇಳಿಕೊಳ್ಳುತ್ತಾಳೆ. ನಮ್ಮಣ್ಣ ಆ ಅವಸರದ ಹಾಡಿನಲ್ಲೂ ಅದನ್ನು ಕೇಳಿಸಿಕೊಂಡಿದ್ದ. ಅವನು ಕೇಳದೆಯೇ ಹೋದ ಎಂದು ನೀವು ಕೊರಗಬೇಡಿ.

ಇನ್ನು ನಿಮ್ಮ ಕೊಂಕು. "ಕೆಂಡ" ಎನ್ನುವ ಕಡೆ ಪುಟ್ಟ ಕೊಂಕು ಹಾಕುತ್ತಾಳೆ, ಅದಕ್ಕೆ ಎದೆ ಬೇಕು ಎಂದು ಬರೆದಿದ್ದಿರಿ. ಅದು ಕೊಂಕಲ್ಲ ಅಣ್ಣ. ಅಲ್ಲಿ ದನಿ ಒಡೆದಿದೆ. ಬೇಗ ತಿರುಗಿದಾಗ ಅಲಂಕಾರದ ಹಾಗೆ ಕೇಳುತ್ತಿತ್ತು. ಈಗ ಸ್ಪಷ್ಟವಾಗಿ ಗೊತ್ತಾಗುತ್ತದೆ, ದನಿ ಒಡೆಯುತ್ತದೆ, ಅವಳು ನಿಲ್ಲುತ್ತಾಳೆ, ಉಸಿರು ತೆಗೆದುಕೊಳ್ಳುತ್ತಾಳೆ. ಪಿಯಾನೊದವನು ಅವಳಿಗಾಗಿ ಕಾಯುತ್ತಾನೆ. ಆಮೇಲೆ ಅವಳು ಅದೇ ಮಾತಿನಿಂದ ಮತ್ತೆ ಎತ್ತಿಕೊಳ್ಳುತ್ತಾಳೆ. ಮುಚ್ಚಿಡುವುದಿಲ್ಲ, ಕೆಮ್ಮಿ ತೇಲಿಸುವುದಿಲ್ಲ. ಎದೆ ಬೇಕು ಎಂದಿರಲ್ಲ, ಅದೊಂದು ಮಾತು ನೀವು ಹೇಳಿದ್ದು ಸರಿ.

ಎಷ್ಟನೆಯ ಸಲ ಕೇಳುವಾಗಲೋ ಗೊತ್ತಿಲ್ಲ, ನಾನೂ ಅವಳ ಜೊತೆ ಹಾಡುತ್ತಿದ್ದೆ. ಮಾತು ನೆನಪಿಗೆ ಬಾರದ ಕಡೆ ಬರೀ ಅಕಾರ. ನಾಲ್ಕನೆಯ ಮನೆಯಲ್ಲಿ ನನ್ನ ದನಿಗೆ ಜಾಗವಿತ್ತು. ಯಜಮಾನರು ಪೇಪರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಏನ್ರೀ?" ಎಂದೆ. "ಏನಿಲ್ಲ, ತಂಬೂರಿ ಎಲ್ಲಿಡಲಿ ಅಂತ ಕೇಳೋಣ ಅಂತ ಬಂದೆ" ಎಂದರು. ಕಣ್ಣೊರೆಸಿಕೊಳ್ಳುತ್ತಿದ್ದರು.

ಅಣ್ಣ, ಇನ್ನೊಂದು ಸಂಗತಿ ಇದೆ, ಅದನ್ನು ಯಾರಿಗೂ ಹೇಳಿಲ್ಲ. ನನ್ನ ಕ್ಲಾಸಿನಲ್ಲಿ ಎಲ್ಲ ಮಕ್ಕಳೂ ಐದೂವರೆ ಮನೆಗೇ ಹಾಡಬೇಕಿತ್ತು, ಏಕೆಂದರೆ ಅದು ನನ್ನ ಶ್ರುತಿ. ಹತ್ತು ವರ್ಷದ ಹಿಂದೆ ಹೇರೋಹಳ್ಳಿಯಿಂದ ಮಾನಸ ಎಂಬ ಹುಡುಗಿ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ದಪ್ಪ ದನಿ. ಮೇಲಿನ ಸ್ವರಕ್ಕೆ ಕತ್ತಿನ ನರ ಉಬ್ಬುತ್ತಿತ್ತು. "ಅಭ್ಯಾಸ ಸಾಲದು" ಎಂದು ಎಲ್ಲರ ಮುಂದೆ ಹೇಳುತ್ತಿದ್ದೆ. ಒಂದು ದಿನ ಬರುವುದು ನಿಲ್ಲಿಸಿದಳು. ನಿಮ್ಮ ಪುಲ್ಲಿಯ ಕಥೆ ಓದಿ ನಗಬೇಕೆಂದಿದ್ದೆ, ನಗು ಬರಲಿಲ್ಲ. ಆ ಹುಡುಗಿಯನ್ನು ನಾನು ನನ್ನ ವೇಗಕ್ಕೆ ತಿರುಗಿಸಿದ್ದೆ.

ಹಳೆಯ ಹಾಜರಿ ಪುಸ್ತಕದಲ್ಲಿ ಅವಳ ತಾಯಿ ಯಶೋದಮ್ಮನ ನಂಬರ್ ಸಿಕ್ಕಿತು. ಫೋನ್ ಮಾಡಿದೆ. ನನ್ನ ದನಿ ಕೇಳಿ ಆಕೆ, "ಯಾರ್ ಸಾ ನೀವು?" ಎಂದರು. ಸಾರ್ ಅಲ್ಲಮ್ಮ, ಸಂಗೀತದ ಮೇಡಂ ಎಂದೆ. ಈ ಸಲ ನನಗೆ ನಗು ಬಂತು.

ಅಕ್ಟೋಬರಿನಲ್ಲಿ ನೀವು ಕ್ಷಮೆ ಕೇಳಿದಾಗ ಕೊಡಲಿಲ್ಲ. ಈಗ ಕೇಳದೆಯೇ ಕೊಡುತ್ತಿದ್ದೇನೆ. ಜೊತೆಗೆ ದೊಡ್ಡ ನಮಸ್ಕಾರವನ್ನೂ ತೆಗೆದುಕೊಳ್ಳಿ.

ನಿಮ್ಮ ತಂಗಿ,
ತುಂಗಾ


ರಾಜಾಜಿನಗರ
2 ಫೆಬ್ರವರಿ 2025

ಪ್ರೀತಿಯ ತುಂಗಾ,

ನಿನ್ನ ಕಾಗದ ಓದಿದ ಮೇಲೆ ಮೆಷಿನ್ ಹಾಕಿಕೊಂಡು ಕೂತು ಕೇಳಿದೆ. ಪರಿಚಯವಿದ್ದ ಮನೆಯ ಬಾಗಿಲು ತಟ್ಟಿದರೆ ಬೇರೆ ಯಾರೋ ತೆರೆದಂತಾಯಿತು. ಮೊದಲು ಬೇಸರವಾಯಿತು, ನನ್ನ ಹುಡುಗಿ ಎಲ್ಲಿ ಹೋದಳು ಎಂದು. ಆಮೇಲೆ ಆ ಹೆಂಗಸು ಒಳಗೆ ಕರೆದು ಕೂರಿಸಿದಳು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನಗೆ ಹದಿನಾಲ್ಕು ಹೊಸ ಹಾಡು ಸಿಕ್ಕಿವೆ. ಯಾರಿಗುಂಟು ಈ ಭಾಗ್ಯ?

ಹಳೆಯ ಪುಲ್ಲಿಯನ್ನು ಎಸೆದಿಲ್ಲ. ಸುಧೀಂದ್ರನ ಫೋಟೊದ ಮುಂದೆ ಇಟ್ಟಿದ್ದೇನೆ. ಅವನು ನಗುತ್ತಿರಲಿ.

ಮಾನಸ ಬಂದಳೇ?

ಪುರುಷೋತ್ತಮಣ್ಣ


ವಿಜಯನಗರ
24 ಮಾರ್ಚ್ 2025

ಪುರುಷೋತ್ತಮಣ್ಣನಿಗೆ,

ಬಂದಳು. ಬೇಸರವಾಗಿದ್ದರೂ ತೋರಿಸಿಕೊಳ್ಳಲಿಲ್ಲ. ಈಗ ನಾಗರಬಾವಿಯ ಒಂದು ಶಾಲೆಯಲ್ಲಿ ಟೀಚರ್. ಭಾನುವಾರ ಭಾನುವಾರ ಬರುತ್ತಾಳೆ. ಅವಳ ಸಹಜ ಶ್ರುತಿಯೂ ನಾಲ್ಕು ಮನೆ ಎಂದರೆ ನಂಬುತ್ತೀರಾ? "ಮೇಡಂ, ಮನೇಲಿ ಪಾತ್ರೆ ತೊಳೀವಾಗ ನಾನು ಹಿಂಗೇ ಹಾಡ್ಕೋತಿದ್ದೆ. ಇದು ತಪ್ಪು ಅನ್ಕೊಂಡಿದ್ದೆ" ಎಂದಳು. ಕ್ಲಾಸು ಮತ್ತೆ ಶುರುವಾಗಿದೆ. ಈಗ ಪ್ರತಿ ಮಗುವಿಗೂ ಮೊದಲ ದಿನ ಅದರ ಮನೆ ಯಾವುದೆಂದು ಹುಡುಕುತ್ತೇವೆ. ಗದ್ದಲವೋ ಗದ್ದಲ.

ಏಪ್ರಿಲ್ ಆರು, ಭಾನುವಾರ, ರಾಮನವಮಿ. ನಮ್ಮ ಪಾರ್ಕಿನ ಪಕ್ಕದ ಪೆಂಡಾಲಿನಲ್ಲಿ ಸಂಜೆ ಐದಕ್ಕೆ ಮಕ್ಕಳ ಹಾಡು. ಕೊನೆಯಲ್ಲಿ ಒಂದು ದೇವರನಾಮ ನಾನು ಹಾಡುತ್ತೇನೆ, ಮಾನಸ ಜೊತೆಗೆ ಕೂರುತ್ತಾಳೆ. ಒಂದೇ ಒಂದು. ಹೆದರಿಕೆ ಈಗಲೇ ಶುರುವಾಗಿದೆ. ಯಾರ ಮುಂದೆಯೂ ಬಾಯಿ ತೆರೆಯುವುದಿಲ್ಲ ಎಂದು ಬರೆದವಳು ನಾನೇ.

ಬನ್ನಿ. ಮುಂದಿನ ಸಾಲಿನಲ್ಲಿ ಮಾತ್ರ ಕೂರಬೇಡಿ.

ತುಂಗಾ


ರಾಜಾಜಿನಗರ
7 ಏಪ್ರಿಲ್ 2025

ಪ್ರೀತಿಯ ತುಂಗಾ,

ಬಂದಿದ್ದೆ. ಕೊನೆಯ ಸಾಲಿನಲ್ಲಿ, ಕೋಸಂಬರಿಯ ಪಾತ್ರೆಯ ಪಕ್ಕ ಕೂತಿದ್ದೆ. ಮೆಷಿನ್ನಿಗೆ ಹೊಸ ಸೆಲ್ ಹಾಕಿಸಿಕೊಂಡಿದ್ದೆ. ಮುಗಿದ ತಕ್ಷಣ ಎದ್ದು ಹೊರಟುಬಿಟ್ಟೆ. ಮಧ್ವೇಶ್ ಅವರು ಪಾನಕದ ಲೋಟ ಹಿಡಿದು ಹಿಂದೆಯೇ ಬಂದರು, ತೆಗೆದುಕೊಳ್ಳಲಿಲ್ಲ. ಪಾನಕ ಕೈಗೆ ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದಿನದ್ದು ಒಂದು ಸಾಕು. ಹೇಳಬೇಕಾದ್ದನ್ನು ಮನೆಗೆ ಹೋಗಿ ಬರೆಯುತ್ತೇನೆ ಎಂದು ಬಸ್ಸು ಹತ್ತಿದೆ.

ನೀನು ಷಡ್ಜ ಹಿಡಿದಾಗ ನನ್ನ ಮುಂದೆ ಕೂತಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಪಲ್ಲವಿ ಮುಗಿಯುವ ಹೊತ್ತಿಗೆ ಅವರಲ್ಲೊಬ್ಬರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಚರಣದಲ್ಲಿ ದನಿ ಒಡೆಯಿತು. ನೀನು ನಿಂತೆ. ಉಸಿರು ತೆಗೆದುಕೊಂಡೆ. ಪಕ್ಕದ ಹುಡುಗಿ ತಾನು ಮುಂದೆ ಹೋಗಿಬಿಡಬಹುದಿತ್ತು, ಹೋಗಲಿಲ್ಲ. ತಾಳ ಹಾಕಲು ತೊಡೆಯ ಮೇಲೆ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ನಿನಗಾಗಿ ಕಾದಳು. ನೀನು ಅದೇ ಮಾತಿನಿಂದ ಎತ್ತಿಕೊಂಡೆ. ಇಡೀ ಪೆಂಡಾಲಿನಲ್ಲಿ ಒಂದು ಮಗುವೂ ಅಳಲಿಲ್ಲ. ಸುಧೀಂದ್ರ ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಿದ್ದ, ಅದರಲ್ಲಿ ನನಗೆ ಸಂಶಯವಿಲ್ಲ.

ನಿನ್ನ ಹಾಡನ್ನು ನಿನ್ನೆ ಮೊದಲ ಸಲ ಕೇಳಿದೆ ತುಂಗಾ. ನೀನು ಬದುಕಿದ್ದೀಯ, ಹಾಡುತ್ತಿದ್ದೀಯ, ನನಗೆ ಇನ್ನೂ ಒಂದಿಷ್ಟು ಕಿವಿ ಉಳಿದಿದೆ. ದೇವರು ದೊಡ್ಡವನು.

ವಿಮರ್ಶೆ ಇಲ್ಲದೆ ಕಾಗದ ಮುಗಿಸಿದರೆ ನಾನು ಪುರುಷೋತ್ತಮನೇ ಅಲ್ಲ ಎಂದುಕೊಳ್ಳುತ್ತೀಯ. ಬರೆಯುತ್ತೇನೆ: ಮೂರು ಕಡೆ ತಪ್ಪಿದೆ. ಆದರೆ ನಾನು ಎಣಿಸಿದ್ದನ್ನು ನಂಬುವ ಹಾಗಿಲ್ಲ, ನಿನಗೇ ಗೊತ್ತು. ಇನ್ನೊಮ್ಮೆ ಕೇಳಬೇಕು. ಭಾನುವಾರ ಕ್ಲಾಸಿಗೆ ಬರಲೇ?

ನಿನ್ನ ಉಪಕಾರ ಮರೆಯದ,
ಪುರುಷೋತ್ತಮಣ್ಣ